ಗ್ಯಾಸ್ ಕ್ಯಾಪ್ಸೂಲಿನ ಪುಟ್ಟ ಕಾಳಿಗೆ ಲೇಪ ಕೂರುವುದು ಹೇಗೆ?

ಬೆಳಿಗ್ಗೆ ಕಾಫಿಗೂ ಮೊದಲು ಒಂದು ಗ್ಯಾಸ್ ಕ್ಯಾಪ್ಸೂಲ್ ನುಂಗುವ ರೂಢಿ ನಮ್ಮಲ್ಲಿ ಬೇಕಾದಷ್ಟು ಮನೆಗಳಲ್ಲಿದೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳೂ ಗುಣಮಟ್ಟದಲ್ಲಿ ಸೋತ ಔಷಧಗಳ ಪಟ್ಟಿ ಹೊರಡಿಸುತ್ತದೆ. ಅದು ಪತ್ರಿಕೆಗೆ, ಅಲ್ಲಿಂದ ವಾಟ್ಸಾಪಿಗೆ ಬಂದ ದಿನ ಮೆಡಿಕಲ್ ಶಾಪಿನವರಿಗೆ ಉತ್ತರ ಹೇಳಿ ಸಾಕಾಗುತ್ತದೆ. ಪಟ್ಟಿಯಲ್ಲಿ ಮತ್ತೆಮತ್ತೆ ಕಾಣುವ ಕಾರಣ ‘ಡಿಸೊಲ್ಯೂಷನ್‌ನಲ್ಲಿ ವಿಫಲ’. ಹಾಗೆಂದರೆ ಮದ್ದೇ ಇಲ್ಲವೆಂದಲ್ಲ. ಮದ್ದು ಲೆಕ್ಕಕ್ಕೆ ಸರಿಯಾಗಿಯೇ ಇದ್ದಿರಬಹುದು, ಕರಗಬೇಕಾದ ಹೊತ್ತಿಗೆ ಕರಗಬೇಕಾದಷ್ಟು ಕರಗಿಲ್ಲ ಎಂದು ಅರ್ಥ. ಕಾಳು ತುಂಬಿದ ಕ್ಯಾಪ್ಸೂಲಿನಲ್ಲಿ ಹೀಗಾದರೆ ಮೊದಲ ಅನುಮಾನ ಹೋಗುವುದು ಕಾಳಿನ ಮೇಲಿನ ಲೇಪದತ್ತ. ಆ ಲೇಪದ ಜಾತಕ ಬರೆಯುವುದು ಯಂತ್ರದೊಳಗೆ ಕಾಳು ಓಡುವ ರೀತಿ.

ಕಾಳಿನ ಒಳಗೆ

ಗ್ಯಾಸಿಗೆಂದು ನುಂಗುವ ಒಮೆಪ್ರಜೋಲ್ ಕ್ಯಾಪ್ಸೂಲ್ ಒಂದನ್ನು ಬಿಚ್ಚಿ ಬಿಳಿ ತಟ್ಟೆಗೆ ಸುರಿದರೆ ರಾಗಿಗಿಂತ ತುಸು ಚಿಕ್ಕದಾದ ದುಂಡು ಕಾಳುಗಳು ಉರುಳಾಡುತ್ತವೆ. ಕಾರ್ಖಾನೆಯವರು ಇವನ್ನು ಪೆಲೆಟ್ ಎನ್ನುತ್ತಾರೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ತೂಕದಲ್ಲಿ ಶೇ 8.5 ಮದ್ದಿರುವ ಪೆಲೆಟ್. ಹಾಗಾಗಿ 20 ಮಿಲಿಗ್ರಾಂ ಮದ್ದಿಗೆ ಸುಮಾರು 235 ಮಿಲಿಗ್ರಾಂ ಕಾಳು ಬೇಕು. ಒಂದು ಮಿಲಿಮೀಟರ್ ಗಾತ್ರದ ಕಾಳಾದರೆ ಒಂದು ಕ್ಯಾಪ್ಸೂಲಿಗೆ ಮುನ್ನೂರರ ಆಸುಪಾಸು.

ಒಂದು ಕಾಳನ್ನು ಬ್ಲೇಡಿನಲ್ಲಿ ಎರಡು ಹೋಳು ಮಾಡಿ ಒಳ್ಳೆಯ ಮಸೂರದಡಿ ಹಿಡಿದರೆ ಈರುಳ್ಳಿಯ ಪದರಗಳ ಹಾಗೆ ಬಳೆಬಳೆಯಾಗಿ ಕಾಣುತ್ತದೆ. ನಡುವೆ ಸಕ್ಕರೆ ಮತ್ತು ಪಿಷ್ಟದ ದುಂಡು ಬೀಜ. ಅದರ ಮೇಲೆ ಮದ್ದಿನ ಪದರ. ಅದಕ್ಕೆ ಹೊದಿಕೆಯಾಗಿ ತೆಳುವಾದ ತಡೆಪದರ. ಎಲ್ಲಕ್ಕಿಂತ ಹೊರಗೆ ಎಂಟೆರಿಕ್ ಲೇಪ, ಅಂದರೆ ಹೊಟ್ಟೆಯ ಆಮ್ಲದಲ್ಲಿ ಕರಗದೆ ಸಣ್ಣ ಕರುಳಿನಲ್ಲಿ ಕರಗುವ ಲೇಪ. ಇದಕ್ಕೆ ಹೆಚ್ಚಾಗಿ ಬಳಸುವ ಅಕ್ರಿಲಿಕ್ ಪಾಲಿಮರ್ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) 5.5 ದಾಟಿದ ಮೇಲಷ್ಟೇ ಕರಗುತ್ತದೆ. ಒಮೆಪ್ರಜೋಲ್ ಆಮ್ಲಕ್ಕೆ ಸಿಕ್ಕರೆ ನಿಮಿಷಗಳಲ್ಲಿ ಕೆಡುವ ವಸ್ತು, ಬಣ್ಣವೂ ಕಪ್ಪಿಡುತ್ತದೆ. ಹೊರಗಿನ ಲೇಪವೇ ತುಸು ಆಮ್ಲಗುಣದ್ದಾದ್ದರಿಂದ ಎರಡರ ನಡುವೆ ಆ ತಡೆಪದರ. ಕಾವಲುಗಾರನಿಂದಲೇ ಕಾಪಾಡಲು ಇನ್ನೊಬ್ಬ ಕಾವಲುಗಾರ!

ಹೊರಲೇಪದ ದಪ್ಪ 30 ಮೈಕ್ರಾನ್ ಎಂದು ಹಿಡಿಯೋಣ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ನಮ್ಮ ತಲೆಗೂದಲಿನ ಅರ್ಧದಷ್ಟು. ಇಷ್ಟು ತೆಳು ಹಾಳೆ ಮುನ್ನೂರು ಕಾಳುಗಳ ಮೈಯೆಲ್ಲ ಒಂದೇ ಸಮನಾಗಿ, ಒಂದು ಸೂಜಿಮೊನೆಯಷ್ಟೂ ಬಿರುಕಿಲ್ಲದೆ ಕೂತಿರಬೇಕು. ಕಾರ್ಖಾನೆಯ ಒಂದು ಬ್ಯಾಚಿನಲ್ಲಿರುವುದು ಕೋಟಿಗಟ್ಟಲೆ ಕಾಳು.

ಕುಸುರೆಳ್ಳಿನ ಬಾಣಲೆ

ಸಂಕ್ರಾಂತಿಯ ಕುಸುರೆಳ್ಳು ಮಾಡಿದವರಿಗೆ ಈ ಕೆಲಸದ ಮುಕ್ಕಾಲು ಪಾಲು ಗೊತ್ತು. ಸಣ್ಣ ಉರಿಯ ಮೇಲೆ ಎಳ್ಳು, ಅದಕ್ಕೆ ಚಮಚ ಚಮಚವಾಗಿ ಸಕ್ಕರೆ ಪಾಕ, ಕೈಯಾಡಿಸುವುದು ಒಂದು ಗಳಿಗೆಯೂ ನಿಲ್ಲಬಾರದು. ಪಾಕ ಒಮ್ಮೆಗೇ ಹೆಚ್ಚು ಬಿದ್ದರೆ ಎಳ್ಳು ಗಂಟು ಕಟ್ಟುತ್ತದೆ. ಉರಿ ಜಾಸ್ತಿಯಾದರೆ ಪಾಕ ಎಳ್ಳಿಗೆ ಅಂಟುವ ಮೊದಲೇ ಸಕ್ಕರೆ ಪುಡಿಯಾಗಿ ಬಾಣಲೆಗೆ ಉದುರುತ್ತದೆ. ಕೈ ತಲುಪದ ಮೂಲೆಯ ಎಳ್ಳು ಬೋಳಾಗಿಯೇ ಉಳಿಯುತ್ತದೆ.

ಔಷಧ ಕಾರ್ಖಾನೆಯ ಯಂತ್ರದಲ್ಲಿ ಪಾಕದ ಜಾಗಕ್ಕೆ ಪಾಲಿಮರ್ ದ್ರಾವಣ ಬರುತ್ತದೆ, ಉರಿಯ ಜಾಗಕ್ಕೆ ಬಿಸಿಗಾಳಿ. ಕೈಯಾಡಿಸುವ ಕೆಲಸವೂ ಅದೇ ಗಾಳಿಯದ್ದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇಲ್ ವರ್ಸ್ಟರ್ ಗಾಳಿಯಲ್ಲಿ ತೇಲಿಸಿ ಲೇಪ ಕೊಡುವ ವಿಧಾನಕ್ಕೆ 1953ರಲ್ಲಿ ಪೇಟೆಂಟ್ ಪಡೆದರು. ಕೆಳಗಿನಿಂದ ಸಿಂಪಡಿಸುವ ಯಂತ್ರಕ್ಕೆ ಇಂದಿಗೂ ಅವರದೇ ಹೆಸರು.

ಗಾಳಿ ಎತ್ತಿದ ರಾಶಿ

ಕಾಳಿನ ರಾಶಿಯ ತಳದಿಂದ ಮೆಲ್ಲಗೆ ಗಾಳಿ ಬಿಟ್ಟರೆ ಅದು ಸಂದುಗೊಂದುಗಳಲ್ಲಿ ನುಸುಳಿ ಹೋಗುತ್ತದೆ, ರಾಶಿ ಅಲುಗುವುದಿಲ್ಲ. ಗಾಳಿ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಅದರ ಒತ್ತಡ ರಾಶಿಯ ತೂಕಕ್ಕೆ ಸಮವಾಗುತ್ತದೆ. ಆಗ ಕಾಳುಗಳು ಒಂದರ ಮೇಲೊಂದು ಭಾರ ಹಾಕುವುದನ್ನು ಬಿಟ್ಟು ಕುದಿಯುವ ಗಂಜಿಯ ಹಾಗೆ ಅಲುಗಾಡತೊಡಗುತ್ತವೆ. ಘನವಸ್ತು ದ್ರವದಂತೆ ನಡೆದುಕೊಳ್ಳುವ ಕಾರಣಕ್ಕೇ ಫ್ಲೂಯಿಡ್ ಬೆಡ್ ಎಂಬ ಹೆಸರು.

ಈ ಹಂತಕ್ಕೆ ಬೇಕಾದ ಗಾಳಿಯ ವೇಗ ಕಾಳಿನ ಗಾತ್ರವನ್ನು ನೆಚ್ಚಿಕೊಂಡಿದೆ. ಒಂದು ಮಿಲಿಮೀಟರ್ ಕಾಳಿಗೆ ಸೆಕೆಂಡಿಗೆ ಸುಮಾರು 0.3 ಮೀಟರ್ ಸಾಕು, ಅರ್ಧ ಮಿಲಿಮೀಟರ್ ಕಾಳಿಗೆ 0.1 ಮೀಟರ್. ಒಂಟಿ ಕಾಳನ್ನು ಹಾರಿಸಿಕೊಂಡು ಹೋಗಬೇಕಾದರೆ ಲೆಕ್ಕವೇ ಬೇರೆ: ದೊಡ್ಡದಕ್ಕೆ ಸುಮಾರು 5 ಮೀಟರ್, ಚಿಕ್ಕದಕ್ಕೆ ಅದರ ಅರ್ಧ. ವರ್ಸ್ಟರ್ ಯಂತ್ರದಲ್ಲಿ ಈ ಎರಡೂ ಬಗೆಯ ವೇಗಗಳು ಒಂದೇ ಪಾತ್ರೆಯೊಳಗೆ ಇರುತ್ತವೆ.

ಪಾತ್ರೆಯ ತಳದಲ್ಲಿ ತೂತು ತಟ್ಟೆಯಿದೆ. ತಟ್ಟೆಯ ನಡುವಿನ ಭಾಗದಲ್ಲಿ ದೊಡ್ಡ ತೂತು, ಅಂಚಿನ ಕಡೆ ಸಣ್ಣ ತೂತು. ನಡುವೆ ಎರಡೂ ಬಾಯಿ ತೆರೆದ ಒಂದು ಕೊಳವೆಯನ್ನು ತಟ್ಟೆಗೆ ತಾಗದಂತೆ ನಿಲ್ಲಿಸಿರುತ್ತಾರೆ. ಕೊಳವೆಯ ಕೆಳಗೆ, ತಟ್ಟೆಯ ಸರಿ ನಡುವೆ, ಮೇಲ್ಮುಖವಾಗಿ ನಾಜಲ್, ಅಂದರೆ ದ್ರಾವಣ ಸಿಂಪಡಿಸುವ ಮೂತಿ. ಗಾಳಿಯ ಹೆಚ್ಚು ಪಾಲು ನಡುವಿನಿಂದ ರಭಸವಾಗಿ ಏರುತ್ತದೆ, ಕೊಳವೆಯೊಳಗಿನ ಕಾಳುಗಳನ್ನು ಎತ್ತಿಕೊಂಡು ಹೋಗಿ ಮೇಲೆ ಚಿಮ್ಮಿಸುತ್ತದೆ. ಮಡಿಕೇರಿಯ ರಾಜಾಸೀಟಿನ ಕಾರಂಜಿಯನ್ನು ನೆನೆಸಿಕೊಂಡರೆ ಚಿತ್ರ ಸರಿಯಾಗುತ್ತದೆ: ನಡುವೆ ಏರುವುದು, ಮೇಲೆ ಕೊಡೆಯಂತೆ ಬಿಚ್ಚಿಕೊಳ್ಳುವುದು, ಸುತ್ತ ಬೀಳುವುದು. ಬಿದ್ದ ಕಾಳು ಕೊಳವೆಯ ಹೊರಗಿನ ರಾಶಿ ಸೇರಿ, ಅಂಚಿನ ಮೆಲುಗಾಳಿಯಲ್ಲಿ ಸಡಿಲಾಗಿ ಕೆಳಗಿಳಿದು, ತಳದ ಸಂದಿನಿಂದ ಮತ್ತೆ ಕೊಳವೆಯೊಳಗೆ ನುಗ್ಗುತ್ತದೆ. ನಾಜಲಿನ ಮುಂದೆ ಹಾಯುವಾಗ 10ರಿಂದ 40 ಮೈಕ್ರಾನಿನ ಕೆಲವು ಹನಿ ಮೈಗೆ ತಾಗುತ್ತವೆ, ಮೇಲೇರುತ್ತಲೇ ಒಣಗುತ್ತವೆ. ಇದು ಒಂದು ಸುತ್ತು. ಯಂತ್ರದ ಗಾತ್ರ ನೋಡಿಕೊಂಡು ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದವರೆಗೆ ಹಿಡಿಯಬಹುದು.

ಸುತ್ತುಗಳ ಲೆಕ್ಕ

ಒಂದು ಸುತ್ತಿನಲ್ಲಿ ಯಾವ ಕಾಳಿಗೆ ಎಷ್ಟು ಹನಿ ಎಂಬುದು ಪೂರ್ತಿ ಅದೃಷ್ಟ. ನಾಜಲಿಗೆ ಹತ್ತಿರ ಹಾದದ್ದಕ್ಕೆ ಹೆಚ್ಚು, ಕೊಳವೆಯ ಗೋಡೆಗೆ ಒತ್ತಿಕೊಂಡು ಹೋದದ್ದಕ್ಕೆ ಕಡಿಮೆ, ಇನ್ನೊಂದರ ಮರೆಯಲ್ಲಿ ಹೋದದ್ದಕ್ಕೆ ಏನೂ ಇಲ್ಲ. ತೋಟಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವಾಗ ಮೇಲಿನ ಎಲೆ ತೊಯ್ದು ಅದರ ಮರೆಯ ಎಲೆ ಒಣಗಿಯೇ ಉಳಿಯುತ್ತದಲ್ಲ, ಅದೇ ತಾಪತ್ರಯ. ಯಂತ್ರ ಈ ಅದೃಷ್ಟವನ್ನು ಸರಿದೂಗಿಸುವುದು ಸುತ್ತುಗಳ ಸಂಖ್ಯೆಯಿಂದ. ಒಮ್ಮೆ ತಪ್ಪಿದ್ದು ಇನ್ನೊಮ್ಮೆ ಸಿಗುತ್ತದೆ.

ಎಷ್ಟರ ಮಟ್ಟಿಗೆ ಸರಿದೂಗುತ್ತದೆ? ಒಂದು ಸುತ್ತಿನ ಏರುಪೇರು ಸರಾಸರಿಯಷ್ಟೇ ದೊಡ್ಡದು, ಅಂದರೆ ಶೇ 100, ಎಂದು ಇಟ್ಟುಕೊಳ್ಳಿ. ಸುತ್ತುಗಳ ಸಂಖ್ಯೆಯ ವರ್ಗಮೂಲದಿಂದ ಅದನ್ನು ಭಾಗಿಸಿದರೆ ಕೊನೆಯಲ್ಲಿ ಉಳಿಯುವ ಏರುಪೇರು ಸಿಗುತ್ತದೆ. ಮೂರು ಗಂಟೆಯ ಸಿಂಪಡಿಕೆ, ಸುತ್ತಿಗೆ 10 ಸೆಕೆಂಡ್ ಎಂದರೆ 1,080 ಸುತ್ತು. ಅದರ ವರ್ಗಮೂಲ ಸುಮಾರು 33. ಉಳಿಯುವ ಏರುಪೇರು ಶೇ 3. ಅದೇ ದ್ರಾವಣ, ಅದೇ ಮೂರು ಗಂಟೆ, ಆದರೆ ಓಟ ನಿಧಾನವಾಗಿ ಸುತ್ತಿಗೆ 40 ಸೆಕೆಂಡ್ ಆಯಿತೆಂದರೆ ಸುತ್ತು 270ಕ್ಕೆ ಇಳಿದು ಏರುಪೇರು ಶೇ 6ಕ್ಕೆ ಏರುತ್ತದೆ. ದ್ರಾವಣದಲ್ಲಿ ಒಂದು ತೊಟ್ಟೂ ವ್ಯತ್ಯಾಸವಾಗಿಲ್ಲ.

ಈ ಲೆಕ್ಕ ಎಲ್ಲ ಕಾಳೂ ಸಮವಾಗಿ ಸುತ್ತುತ್ತದೆ ಎಂದು ನಂಬಿಕೊಂಡ ಲೆಕ್ಕ. ನಿಜದಲ್ಲಿ ಹಾಗಿರುವುದಿಲ್ಲ. ಪಾತ್ರೆಯ ತಳ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಅಂಚಿನ ಗಾಳಿ ಸಾಲದೆ ಕಾಳು ತಂಗುತ್ತದೆ. ಕಾಫಿ ಕಣದ ಅಂಚಿನಲ್ಲಿ ಗೋರು ತಲುಪದೆ ಉಳಿದ ಹಣ್ಣಿನ ಪಟ್ಟಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣದಲ್ಲಿ ಅಲ್ಲಿ ಬೂಸ್ಟು ಬರುತ್ತದೆ, ಯಂತ್ರದಲ್ಲಿ ತೆಳು ಲೇಪದ ಕಾಳು ಹುಟ್ಟುತ್ತದೆ. ಹೀಗೆ ತಂಗುವ ಕಾಳುಗಳಿಂದ ಒಟ್ಟು ಏರುಪೇರು ಶೇ 10 ಆಯಿತೆನ್ನಿ. ಆಗ ಸುಮಾರು ಆರು ಕಾಳಿನಲ್ಲಿ ಒಂದರ ಲೇಪ ಸರಾಸರಿಗಿಂತ ಹತ್ತನೇ ಒಂದು ಪಾಲಿಗೂ ಮೀರಿ ತೆಳುವಾಗಿರುತ್ತದೆ. ಬ್ಯಾಚಿನ ತೂಕ ನೋಡಿದರೆ ಇಡಬೇಕಾದ ಲೇಪವೆಲ್ಲ ಸರಿಯಾಗಿ ಕೂತಂತೆ ಕಾಣುತ್ತದೆ. ಆಮ್ಲ ಸೋರುವುದು ಮಾತ್ರ ಆ ತೆಳು ಕಾಳಿನಲ್ಲಿ. ಈ ಕೆಲಸದಲ್ಲಿ ಸರಾಸರಿಯನ್ನು ನಂಬಿ ಕೂತವರು ಕೆಡುವುದು ಇಲ್ಲೇ.

ಬೆರಳಗಲದ ಸಂದು

ಕೊಳವೆಗೂ ತಟ್ಟೆಗೂ ನಡುವಿನ ಸಂದು ಪೆಲೆಟ್‌ಗಳಿಗೆ ಸಾಮಾನ್ಯವಾಗಿ 15ರಿಂದ 25 ಮಿಲಿಮೀಟರ್. ಬ್ಯಾಚ್ ಶುರುವಾದ ಮೇಲೆ ಇದನ್ನು ಸುಲಭಕ್ಕೆ ಮುಟ್ಟಲಾಗುವುದಿಲ್ಲ, ಹಾಗಾಗಿ ಮೊದಲೇ ಸರಿ ಹೊಂದಿಸಬೇಕು. ಸಂದು ಕಿರಿದಾದರೆ ಕೊಳವೆಗೆ ಕಾಳಿನ ಬರ ಬರುತ್ತದೆ. ಹನಿಗೆ ಅಡ್ಡ ಸಿಗುವ ಕಾಳು ಸಾಲದೆ ದ್ರಾವಣ ಕೊಳವೆಯ ಗೋಡೆಗೆ ಬಡಿದು ಅಂಟುತ್ತದೆ, ಇಲ್ಲವೆ ಹಾರಿಹೋಗುತ್ತಲೇ ಒಣಗಿ ಫಿಲ್ಟರ್ ಸೇರುತ್ತದೆ. ಸಿಕ್ಕ ನಾಲ್ಕೇ ಕಾಳಿಗೆ ಅತಿ ಒದ್ದೆ. ಅಗಲವಾದರೆ ಕಾಳು ಒಟ್ಟೊಟ್ಟಿಗೆ ನುಗ್ಗಿ ಒಂದರ ಮರೆಗೆ ಇನ್ನೊಂದು ನಿಲ್ಲುತ್ತದೆ, ನಡುವಿನ ಗಾಳಿಯೂ ಸಂದಿನಿಂದ ಹೊರಗೆ ಸೋರಿ ಎತ್ತುವ ಬಲ ಕುಂದುತ್ತದೆ.

ಪಾತ್ರೆಯ ಗಾಜಿನ ಕಿಂಡಿಯೇ ಇದಕ್ಕೆ ಒಳ್ಳೆಯ ಮಾಪಕ. ಕೊಳವೆಯ ಹೊರಗಿನ ಕಾಳು ಗಿರಣಿಯ ಹಾಪರಿನಲ್ಲಿ ಭತ್ತ ಇಳಿಯುವ ಹಾಗೆ ಬಿಡುವಿಲ್ಲದೆ ಸಮನಾಗಿ ಇಳಿಯುತ್ತಿರಬೇಕು. ಕುದಿದಂತೆ ಗುಳ್ಳೆ ಎದ್ದರೆ ಅಂಚಿನ ಗಾಳಿ ಹೆಚ್ಚು. ನಿಂತು ನಿಂತು ಜಾರಿದರೆ ಕಡಿಮೆ, ಅಥವಾ ಕಾಳು ಒದ್ದೆಯಾಗುತ್ತಿದೆ. ಒಂದೇ ಪಕ್ಕದಲ್ಲಿ ಇಳಿದು ಇನ್ನೊಂದು ಪಕ್ಕ ನಿಂತಿದ್ದರೆ ಕೊಳವೆ ವಾಲಿರಬಹುದು, ತಟ್ಟೆಯ ತೂತು ಕಟ್ಟಿರಬಹುದು. ಅನುಭವಿ ಆಪರೇಟರುಗಳು ಕಿವಿಯನ್ನೂ ನೆಚ್ಚುತ್ತಾರೆ. ಮೇಲಿನ ಫಿಲ್ಟರಿಗೆ ಕಾಳು ಬಡಿಯುವ ಸದ್ದು ಶುರುವಾದರೆ ಗಾಳಿ ತಗ್ಗಿಸುವ ಹೊತ್ತು, ಏಕೆಂದರೆ ಹಾಗೆ ಬಡಿದ ಕಾಳಿನ ಎಳೆಯ ಲೇಪ ಚಕ್ಕೆ ಏಳುತ್ತದೆ.

ಇನ್ನೊಂದು ಮಾತು. ಲೇಪ ಕೂರುತ್ತಿದ್ದಂತೆ ಕಾಳಿನ ತೂಕ ಏರುತ್ತದೆ. ಆರಂಭದ ಗಾಳಿಯಲ್ಲೇ ಕೊನೆಯವರೆಗೂ ಓಡಿಸಿದರೆ ಓಟ ತಾನಾಗಿ ನಿಧಾನವಾಗುತ್ತದೆ, ಗಂಟೆಗೊಮ್ಮೆಯಾದರೂ ನೋಡಿ ಏರಿಸಬೇಕು. ಸಿಂಪಡಿಕೆಯಾದರೋ ಮೊದಲ ಅರ್ಧ ಗಂಟೆ ಮೆಲ್ಲಗೆ, ಕಾಳಿಗೆ ಒಂದು ಹೊದಿಕೆ ಬಂದ ಮೇಲೆ ಜೋರು.

ಹಸಿ, ಒಣ ಮತ್ತು ಮಳೆಗಾಲದ ಗಾಳಿ

ಎಂಟೆರಿಕ್ ಅಕ್ರಿಲಿಕ್ ಲೇಪಕ್ಕೆ ರಾಶಿಯ ತಾಪ 25ರಿಂದ 32 ಡಿಗ್ರಿಯೊಳಗೆ ಇರಬೇಕು. ಅದಕ್ಕಿಂತ ಏರಿದರೆ ಎರಡು ತೊಂದರೆ: ಹನಿ ದಾರಿಯಲ್ಲೇ ಒಣಗಿ ಪುಡಿಯಾಗುತ್ತದೆ, ಕಾಳಿಗೆ ತಾಗಿದ್ದೂ ಹರಡಿಕೊಳ್ಳದೆ ಗುಳ್ಳೆಗುಳ್ಳೆಯಾಗಿ ಕೂರುತ್ತದೆ. ಅಂಥ ಲೇಪ ತೂಕಕ್ಕೆ ಸಿಗುತ್ತದೆ, ತಡೆಗೆ ಸಿಗುವುದಿಲ್ಲ. ಕಾಳು ತೀರಾ ಒಣಗಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಅದು ಪಾತ್ರೆಯ ಗೋಡೆಗೆ ಇರುವೆ ಸಾಲಿನ ಹಾಗೆ ಅಂಟಿಕೊಳ್ಳುತ್ತದೆ, ಓಟದಿಂದಲೇ ಹೊರಗುಳಿಯುತ್ತದೆ. ಒದ್ದೆ ಹೆಚ್ಚಾದರೆ ಎರಡೆರಡು ಕಾಳು ಜೋಡಿಯಾಗಿ ಅಂಟುತ್ತವೆ, ಆಮೇಲೆ ಗೊಂಚಲು, ಕೊನೆಗೆ ಇಡೀ ರಾಶಿ ಕುಸಿದು ಕೂರುತ್ತದೆ. ಜೋಡಿ ಬಿಟ್ಟಾಗ ಅಂಟಿದ್ದ ಜಾಗದ ಲೇಪ ಕಿತ್ತು ಬರುತ್ತದೆ. ಅಂಟದಿರಲೆಂದೇ ದ್ರಾವಣಕ್ಕೆ ಟಾಲ್ಕ್ ಸೇರಿಸುತ್ತಾರೆ. ಟಾಲ್ಕ್ ತಳಕ್ಕಿಳಿಯುವ ಜಾತಿ, ಕೊನೆಯವರೆಗೂ ಕಲಕುತ್ತಿರಬೇಕು. ಸರಿಯಾಗಿ ಸೋಸದ ಸುಣ್ಣ ಸ್ಪ್ರೇಯರಿನ ಮೂತಿ ಕಟ್ಟಿಸುವ ಹಾಗೆ ಇದೂ ನಾಜಲ್ ಕಟ್ಟಿಸುತ್ತದೆ. ಮೂತಿಯಲ್ಲಿ ಗಡ್ಡದಂತೆ ಲೇಪ ಬೆಳೆದರೆ ಹನಿ ದಪ್ಪವಾಗುತ್ತದೆ, ಗಂಟು ಶುರು.

ಇನ್ನು ಗಾಳಿಯ ತೇವ. ಇದರ ಗುಣ ತಿಳಿಯಲು ಮಡಿಕೇರಿಗಿಂತ ಒಳ್ಳೆಯ ಊರು ಬೇಡ. ಸುಮಾರು 1,150 ಮೀಟರ್ ಎತ್ತರದಲ್ಲಿ, ಜುಲೈಯ ಮಳೆಯಲ್ಲಿ, 19 ಡಿಗ್ರಿ ತಾಪ, ಶೇ 95 ತೇವವಿರುವ ಗಾಳಿಯ ಒಂದು ಕಿಲೋದಲ್ಲಿ ಸುಮಾರು 15 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿಯನ್ನು 10 ಡಿಗ್ರಿಗೆ ತಣಿಸಿ ನೀರು ಇಳಿಸಿದರೆ ಉಳಿಯುವುದು ಸುಮಾರು 9 ಗ್ರಾಂ. ಕಿಲೋಗೆ ಆರೇ ಗ್ರಾಂ ವ್ಯತ್ಯಾಸ ಎನಿಸಬಹುದು. ಗಂಟೆಗೆ 1,000 ಕಿಲೋ ಗಾಳಿ ಎಳೆಯುವ ಯಂತ್ರಕ್ಕೆ ಅದು ಗಂಟೆಗೆ 6 ಕಿಲೋ ನೀರು.

ಸಿಂಪಡಿಕೆಯ ಕಡೆಯಿಂದ ನೋಡೋಣ. ಗಾಳಿ 50 ಡಿಗ್ರಿಗೆ ಒಳಬಂದು 30 ಡಿಗ್ರಿಗೆ ಹೊರಬಂದರೆ ಅದು ಬಿಟ್ಟುಕೊಡುವ ಶಾಖದಿಂದ, ಗೋಡೆಯಲ್ಲಿ ಸೋರುವುದನ್ನು ಬಿಟ್ಟರೆ, ಗಂಟೆಗೆ ಸುಮಾರು 8 ಕಿಲೋ ನೀರು ಆವಿಯಾಗುತ್ತದೆ. ಶೇ 20 ಘನಾಂಶದ ದ್ರಾವಣವಾದರೆ ನಿಮಿಷಕ್ಕೆ 165 ಗ್ರಾಂ ಸಿಂಪಡಿಸಿದಂತೆ. ಒಳಗಾಳಿಯಲ್ಲಿ 9 ಗ್ರಾಂ ಇದ್ದರೆ ಹೊರಹೋಗುವ ಗಾಳಿಯ ತೇವ ಸುಮಾರು ಶೇ 55 ಆಗುತ್ತದೆ. ಮಳೆಗಾಳಿಯನ್ನು ಒಣಗಿಸದೆ ಹಾಗೆಯೇ ಬಿಸಿ ಮಾಡಿ ಬಿಟ್ಟರೆ ಶೇ 74. ಅಂದರೆ ಜನವರಿಯಲ್ಲಿ ಚೆನ್ನಾಗಿ ಓಡಿದ ಅದೇ ಸೆಟ್ಟಿಂಗ್ ಜುಲೈಯಲ್ಲಿ ಗಂಟು ಕಟ್ಟುತ್ತದೆ. ಬಿಸಿ ಮಾಡಿದರೆ ಗಾಳಿ ಒಣಗಿತು ಎನ್ನುವುದು ತಪ್ಪು ತಿಳಿವಳಿಕೆ, ಅದರೊಳಗಿನ ನೀರು ಅಷ್ಟೇ ಇರುತ್ತದೆ. ಅದಕ್ಕೇ ಕಾರ್ಖಾನೆಗಳು ಒಳಗಾಳಿಯನ್ನು ಮೊದಲು ತಣಿಸಿ ನೀರು ಇಳಿಸುತ್ತವೆ, ಆಮೇಲೆ ಬಿಸಿ ಮಾಡುತ್ತವೆ. ವರ್ಷವಿಡೀ ಒಂದೇ ತೇವದಲ್ಲಿ ಹಿಡಿದಿಡುತ್ತವೆ.

ಜರಡಿಯ ಪಾತ್ರ

ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜವನ್ನು ಜರಡಿಯಲ್ಲಿ ಬೇರ್ಪಡಿಸುವುದು ಹುರಿಯುವಾಗ ಚಿಕ್ಕದು ಸೀಯದೆ, ದೊಡ್ಡದು ಹಸಿಯಾಗದೆ ಇರಲಿ ಎಂದೂ ಹೌದು. ಪೆಲೆಟ್‌ನ ಸಕ್ಕರೆ ಬೀಜವೂ ಜರಡಿ ಹಿಡಿದೇ ಬರುತ್ತದೆ: 710ರಿಂದ 850 ಮೈಕ್ರಾನಿನದು ಒಂದು ದರ್ಜೆ, 600ರಿಂದ 710ರದ್ದು ಇನ್ನೊಂದು. ಬೆರೆತರೆ ಚಿಕ್ಕದು ಎತ್ತರಕ್ಕೆ ಹಾರಿ ತಡವಾಗಿ ಇಳಿಯುತ್ತದೆ, ದೊಡ್ಡದು ತಗ್ಗಿನಲ್ಲೇ ಬೇಗ ಬೇಗ ಸುತ್ತಿ ಹೆಚ್ಚು ಲೇಪ ಹೊತ್ತುಕೊಳ್ಳುತ್ತದೆ.

ಗಾತ್ರದ ಲೆಕ್ಕ ಇನ್ನೊಂದು ಕಡೆಯೂ ಕಾಡುತ್ತದೆ. ಒಂದು ಮಿಲಿಮೀಟರ್ ಕಾಳಿಗೆ 30 ಮೈಕ್ರಾನ್ ಲೇಪ ಕೊಟ್ಟರೆ ಅದರ ಘನಗಾತ್ರ ಶೇ 19 ಹೆಚ್ಚುತ್ತದೆ. ಅರ್ಧ ಮಿಲಿಮೀಟರ್ ಕಾಳಿಗೆ ಅದೇ 30 ಮೈಕ್ರಾನಿಗೆ ಶೇ 40. ಹಾಗಾಗಿ ಬೀಜವನ್ನು ಚಿಕ್ಕ ದರ್ಜೆಗೆ ಬದಲಿಸಿ, ಲೇಪದ ತೂಕ ಹಳೆಯದನ್ನೇ ಇಟ್ಟುಕೊಂಡರೆ ಪದರ ತೆಳುವಾಗಿ ಪರೀಕ್ಷೆಯಲ್ಲಿ ಸೋಲಬಹುದು.

ಪರೀಕ್ಷೆ, ಮತ್ತು ನಮ್ಮ ಕೈಯಲ್ಲಿರುವುದು

ಪ್ರಯೋಗಾಲಯದಲ್ಲಿ ಕಾಳನ್ನು ಹೊಟ್ಟೆಯಷ್ಟೇ ಹುಳಿಯಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 37 ಡಿಗ್ರಿಯಲ್ಲಿ, ಎರಡು ಗಂಟೆ ಆಡಿಸುತ್ತಾರೆ. ಈ ಹಂತದಲ್ಲಿ ಮದ್ದು ಹೊರಬರಬಾರದು, ಎಂಟೆರಿಕ್ ಔಷಧಗಳಿಗೆ ಸಾಮಾನ್ಯ ಮಿತಿ ಶೇ 10. ಆಮೇಲೆ ಪಿಎಚ್ 6.8ರ ದ್ರಾವಣ, ಇಲ್ಲಿ ಬೇಗ ಹೊರಬರಬೇಕು. ಮುನ್ನೂರು ಕಾಳಿನಲ್ಲಿ ಮೂವತ್ತರ ಲೇಪ ಪೂರ್ತಿ ಸೋರಿದರೆ ಮಿತಿ ಮುಗಿಯಿತು.

ಇಷ್ಟು ಕಷ್ಟಪಟ್ಟು ಕೂರಿಸಿದ ಲೇಪವನ್ನು ಮನೆಯಲ್ಲಿ ಕೆಡಿಸುವುದು ಸುಲಭ. ಕಾಳನ್ನು ಹಲ್ಲಿಗೆ ಸಿಕ್ಕಿಸಿ ಅಗಿದರೆ ಎಲ್ಲ ಪದರವೂ ಒಡೆಯುತ್ತದೆ. ಕ್ಯಾಪ್ಸೂಲ್ ನುಂಗಲಾಗದ ಹಿರಿಯರಿಗೆ ಬಿಚ್ಚಿ ಕೊಡುವಾಗ ಕೆಲವರು ಹಾಲಿಗೋ ಹಾಲು ಹಾಕಿದ ಕಾಫಿಗೋ ಬೆರೆಸುತ್ತಾರೆ. ಹಾಲಿನ ಪಿಎಚ್ 6.7ರ ಆಸುಪಾಸು, ಲೇಪ ಕರಗುವ 5.5ಕ್ಕಿಂತ ಮೇಲೆ. ಕಾಳು ಲೋಟದಲ್ಲೇ ಕರುಳು ಬಂತೆಂದು ತಿಳಿದು ಬಿಚ್ಚಿಕೊಳ್ಳತೊಡಗುತ್ತದೆ. ಬಿಚ್ಚಿ ಕೊಡಬಹುದು ಎಂದು ಲೇಬಲಿನಲ್ಲಿದ್ದರೆ ಅಥವಾ ವೈದ್ಯರು ಹೇಳಿದ್ದರೆ ಮಾತ್ರ ಒಂದು ಚಮಚ ತಣ್ಣಗಿನ, ತುಸು ಹುಳಿಯಿರುವ ಸೇಬಿನ ತಿರುಳಿನಂಥದ್ದರಲ್ಲಿ ಕಲಸಿ, ಅಗಿಯದೆ ಕೂಡಲೇ ನುಂಗಿಸಿ ನೀರು ಕುಡಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಪ್ಸೂಲನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಿಡಬೇಡಿ. ಜೆಲಟಿನ್ ಚಿಪ್ಪು ಗಾಳಿಯ ತೇವ ಹೀರಿ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ, ಒಳಗಿನ ಕಾಳಿಗೂ ತೇವ ತಾಗುತ್ತದೆ. ಬಿಚ್ಚಿದಾಗ ಕಾಳು ಉರುಳದೆ ಗೊಂಚಲಾಗಿ ಬಿದ್ದರೆ, ಬಿಳಿಯಿದ್ದದ್ದು ಕಂದು ತಿರುಗಿದ್ದರೆ, ಅದನ್ನು ನುಂಗದೆ ಸ್ಟ್ರಿಪ್ ಸಮೇತ ಮೆಡಿಕಲ್ ಶಾಪಿಗೆ ಒಯ್ದು ಬ್ಯಾಚ್ ನಂಬರ್ ತೋರಿಸಿ.